ಐದನೆಯ ಬೆಳಗಿನ ನೀರು

ಒಂಬತ್ತು ಬಗೆಯ ಮಳೆಗೆ ಒಂದೇ ಇಂಗ್ಲಿಷ್ ಪದವನ್ನು ಒಂಬತ್ತು ಸಲ ಬರೆದು, ಕೆಳಗೆ ಗೆರೆ ಎಳೆದು, ಲೆಯಾಂದ್ರೊ ಅಡುಗೆಮನೆಯ ಮೇಜಿನ ಮುಂದೆ ಕೈಕಟ್ಟಿ ಕುಳಿತಿದ್ದ. ಆಗಸ್ಟ್ ಹದಿನಾಲ್ಕು. ಬೆಳಗಿನ ಒಂಬತ್ತಕ್ಕೇ ಕಿಟಕಿಯ ಕಬ್ಬಿಣದ ಸರಳು ಮುಟ್ಟಲಾಗದಷ್ಟು ಕಾದಿತ್ತು. ಸ್ಪ್ಯಾನಿಷ್ ಹಳ್ಳಿ ತೊರ್ರೆಸೇಕಾದ ಜನ ಮಳೆಯನ್ನು ಕಣ್ಣಾರೆ ಕಂಡದ್ದು ಏಪ್ರಿಲ್ ಮೊದಲ ವಾರದಲ್ಲಿ, ಅದೂ ಹತ್ತು ನಿಮಿಷ, ಅದೂ ಯಾರದೋ ಮದುವೆಯ ಫೋಟೊ ತೆಗೆಯುವಾಗ. ಆದರೂ ಈ ಊರಿನ ಬಾಯಲ್ಲಿ ಮಳೆಗೆ ಒಂಬತ್ತು ಹೆಸರು, ಗಾಳಿಗೆ ಏಳು, ಮಂಜು ಇಬ್ಬನಿಗಳಿಗೆ ಸೇರಿ ಆರು. ಇಷ್ಟೊಂದು ಹೆಸರು ಇಟ್ಟುಕೊಂಡು ಇಲ್ಲಿನವರು ಏನು ಮಾಡುತ್ತಾರೋ ದೇವರಿಗೇ ಗೊತ್ತು. ಇಪ್ಪತ್ತೊಂಬತ್ತು ವರ್ಷ ಊರಿನ ಮಕ್ಕಳಿಗೆಲ್ಲ ಇಂಗ್ಲಿಷ್ ಕಲಿಸಿ ನಿವೃತ್ತನಾದ ತಾನು ಇವನ್ನೆಲ್ಲ ಒಂದು ವಾರದಲ್ಲಿ ಇಂಗ್ಲಿಷಿಗೆ ಇಳಿಸಿಕೊಡುತ್ತೇನೆಂದು ಜುಲೈಯಲ್ಲಿ ಮೇಯರ್ ಕಸಿಲ್ದಾಳ ಮುಂದೆ ಹಲ್ಲು ಕಿರಿದು ಒಪ್ಪಿಕೊಂಡಿದ್ದ. ನಾಳೆ ಮಾತೆ ಮರಿಯಳ ಹಬ್ಬ. ಪೂಜೆ ಮುಗಿದೊಡನೆ ಚೌಕದಲ್ಲಿ ದೊಡ್ಡ ಹಲಗೆ ನಿಲ್ಲಬೇಕು. ಬರುವ ವರ್ಷದ ಹನ್ನೆರಡು ತಿಂಗಳ ಹವಾಮಾನ, ತಿಂಗಳಿಗೊಂದರಂತೆ ಊರಿನ ಗಾದೆ, ಬಲಗಡೆ ಎಲ್ಲಕ್ಕೂ ಇಂಗ್ಲಿಷ್. ಊರಿನಲ್ಲಿ ಮೂರು ಮನೆಗಳನ್ನು ಇಂಗ್ಲಿಷರು ಕೊಂಡಿದ್ದರು. ಹಲಗೆ ನೋಡಿದರೆ ಇನ್ನೂ ಇಬ್ಬರು ಕೊಂಡಾರು ಎಂಬುದು ಕಸಿಲ್ದಾಳ ಆಸೆ.

ಗಾದೆಗಳು ಹೇಗೋ ಮುಗಿದಿದ್ದವು. ಮುಗಿದಿದ್ದವು ಎಂದರೆ, ಫೆಬ್ರವರಿಯ ಗಾದೆ ಇಂಗ್ಲಿಷಿನಲ್ಲಿ ಬೆದರಿಕೆ ಪತ್ರದಂತೆ ಕಾಣುತ್ತಿತ್ತು. ನವೆಂಬರಿನದು ಔಷಧಿ ಚೀಟಿಯಾಗಿತ್ತು. ಆಗಸ್ಟಿನದನ್ನು ಓದಿದರೆ ಯಾರದೋ ಅಜ್ಜಿಯ ನಡತೆಯ ಮೇಲೆ ಸಂಶಯ ಬರುತ್ತಿತ್ತು. ಊರಿನ ಬಾಯಲ್ಲಿ ಪ್ರಾಸ ಹಿಡಿದು ಕುಣಿಯುತ್ತಿದ್ದ ಮಾತುಗಳು ಇಂಗ್ಲಿಷಿನಲ್ಲಿ ಆಸ್ಪತ್ರೆಯ ಹೊರಗೆ ಕಾಯುವವರ ಹಾಗೆ ಸಾಲಾಗಿ ಕುಳಿತುಬಿಟ್ಟಿದ್ದವು. ಇದಕ್ಕೆಲ್ಲ ಅವನು ನಾಚಿಕೊಳ್ಳಲಿಲ್ಲ. ನಾಚಿಕೊಳ್ಳಲು ಇದಕ್ಕಿಂತ ದೊಡ್ಡ ಕಾರಣ ಅವನ ಬಳಿ ಇತ್ತು. ಅದು ಮೇ ತಿಂಗಳ ಸಾಲಿನಲ್ಲಿತ್ತು. ಮೇ: ಪಡುವಣದಿಂದ ಕಲಬೋಬೋಸ್, ಹನ್ನೊಂದು ದಿನ. ಪೆದ್ದರನ್ನು ನೆನೆಸುವುದು ಎಂದು ಆ ಮಳೆಯ ಹೆಸರು. ಸುರಿಯುತ್ತಿದೆ ಎನ್ನಲಾಗದ, ನಿಂತಿದೆ ಎಂದೂ ಎನ್ನಲಾಗದ ಸಣ್ಣ ಸೋನೆ. ಇದಕ್ಕೆಂಥ ಕೊಡೆ ಎಂದು ಹೊರಟವನು ಮನೆ ಮುಟ್ಟುವಷ್ಟರಲ್ಲಿ ಒಳಬಟ್ಟೆಯವರೆಗೂ ತೊಯ್ದಿರುತ್ತಾನೆ. ನಿಘಂಟಿನಲ್ಲಿ ಅದಕ್ಕೆ ಡ್ರಿಜಲ್ ಎಂದಿತ್ತು. ಅವನು ಅದನ್ನು ಬರೆದು ಹೊಡೆದುಹಾಕಿದ, ಮತ್ತೆ ಬರೆದು ಮತ್ತೆ ಹೊಡೆದುಹಾಕಿದ. ಪದ ಸಿಗದೆ ಹೀಗಾಗುತ್ತಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಮಳೆ ಮಳೆಯೇ ಅಲ್ಲ. ಅದು ಅವನು ಅಮ್ಮನ ತಲೆ ತೊಳೆದ ನೀರು.

ಆಗಸ್ಟಿನ ಮೊದಲ ಹನ್ನೆರಡು ಬೆಳಗುಗಳಲ್ಲಿ ತೊರ್ರೆಸೇಕಾದವರು ಉಸಿರು ಬಿಗಿಹಿಡಿದು ಬದುಕುತ್ತಾರೆ. ಒಂದನೆಯ ಬೆಳಗು ಬರುವ ವರ್ಷದ ಜನವರಿ, ಎರಡನೆಯದು ಫೆಬ್ರವರಿ, ಐದನೆಯದು ಮೇ, ಹೀಗೆ. ಸುತ್ತಲ ಊರುಗಳಲ್ಲಿ ಹದಿಮೂರರಿಂದ ಡಿಸೆಂಬರ್, ನವೆಂಬರ್ ಎಂದು ಹಿಂದುಹಿಂದಕ್ಕೆ ಎಣಿಸಿ ಎರಡನೆಯ ಸಲವೂ ನೋಡುತ್ತಾರೆ. ಒಂದೇ ಸಲಕ್ಕೆ ಧೈರ್ಯ ಸಾಲದವರು ಎಂದು ಇಲ್ಲಿ ಅವರನ್ನು ನೋಡಿ ನಗುತ್ತಾರೆ. ಸೂರ್ಯ ಹುಟ್ಟುವ ಮೊದಲು ಎವಾರಿಸ್ತೊ ತಾತ ಒಬ್ಬನೇ ಬೀದಿಗಿಳಿಯುತ್ತಾನೆ. ಎಂಬತ್ತನಾಲ್ಕು ವರ್ಷ ಅವನಿಗೆ, ಈ ಕೆಲಸಕ್ಕೆ ಐವತ್ತೊಂದು. ಗಾಳಿ ಮೂಸುತ್ತಾನೆ, ಇರುವೆಗಳ ದಾರಿ ನೋಡುತ್ತಾನೆ, ಕೊನೆಯಲ್ಲಿ ಲೆಯಾಂದ್ರೊನ ಮನೆಯ ಮೂಲೆಯಲ್ಲಿ, ಬಾಲ್ಕನಿಯ ನೇರ ಕೆಳಗಿರುವ ಚಪ್ಪಟೆ ಕಲ್ಲನ್ನು ಮಗುಚಿ ಅದರ ಹೊಟ್ಟೆ ಮುಟ್ಟಿ ನೋಡುತ್ತಾನೆ. ಒಣಗಿದ್ದರೆ ಆ ತಿಂಗಳು ಒಣ, ತೇವವಿದ್ದರೆ ತೇವ. ತಾತ ದಾಟಿಹೋಗುವವರೆಗೆ ಯಾರೂ ಕಿಟಕಿ ತೆರೆಯುವಂತಿಲ್ಲ, ಬಾಗಿಲಿಗೆ ನೀರು ಹಾಕುವಂತಿಲ್ಲ, ಕೂಸು ಅತ್ತರೂ ಬಾಯಿಗೆ ಏನಾದರೂ ಕೊಟ್ಟು ಸುಮ್ಮನಾಗಿಸಬೇಕು. ಇದಕ್ಕೆ ಕಾಬನ್ಯುವೇಲಾಸ್ ಎಂಬ ಉದ್ದ ಹೆಸರಿದೆ. ಇಲ್ಲಿ ಬರೀ ಬೆಳಗುಗಳು ಎನ್ನುತ್ತಾರೆ.

ಐದನೆಯ ಬೆಳಗು, ಐದು ಗಂಟೆಗೆ, ಏಳು ತಿಂಗಳಿಂದ ಹಾಸಿಗೆ ಹಿಡಿದಿದ್ದ ಅಮ್ಮ ಒಬ್ದೂಲಿಯಾ ತಲೆ ತೊಳೆಯೋ ಎಂದಿದ್ದಳು. ಈಗಲೇ? ಈಗಲೇ. ತೊಂಬತ್ತೊಂದು ವರ್ಷದ ಹೆಂಗಸು. ಎರಡು ದಿನದಿಂದ ಬಾಯಿ ಬಿಟ್ಟಿರಲಿಲ್ಲ. ಎಡ ಅಂಗೈಯಲ್ಲಿ ಅವಳ ಕತ್ತು ಹಿಡಿದು ಬಲಗೈಯಲ್ಲಿ ಲೋಟದಿಂದ ನೀರು ಹೊಯ್ದ. ಕತ್ತು ಹಕ್ಕಿಯ ಕತ್ತಿನ ಹಾಗೆ ಹಗುರವಾಗಿತ್ತು. ಅವಳು ಕಣ್ಣು ಮುಚ್ಚಿಕೊಂಡು, ಅವನಿಗಲ್ಲ, ಬೇರೆ ಯಾರಿಗೋ ಎಂಬಂತೆ, ಹಾಯಾಯಿತು ಎಂದಳು. ಬಟ್ಟೆ ಸುತ್ತಿ ಮಲಗಿಸಿ, ತುಂಬಿದ ಬೋಗುಣಿ ಹಿಡಿದು ನಿಂತ ಅವನ ಕಾಲುಗಳು ತಾವಾಗಿಯೇ ಬಾಲ್ಕನಿಗೆ ನಡೆದವು. ಅರವತ್ತು ವರ್ಷ ಅವಳು ಮನೆಯ ನೀರನ್ನೆಲ್ಲ ಚೆಲ್ಲಿದ್ದು ಅಲ್ಲಿಂದಲೇ. ಬೀದಿಯ ಧೂಳು ಅಡಗಲಿ ಎನ್ನುತ್ತಿದ್ದಳು. ಬಾಗಿಲು ತೆರೆದ, ಚೆಲ್ಲಿದ. ನೀರು ನೆಲ ಮುಟ್ಟಿದ ಸದ್ದು ಕೇಳಿದಾಗ ತಾರೀಕು ನೆನಪಾಯಿತು. ಬಗ್ಗಿ ನೋಡಿದರೆ ಕಲ್ಲು ಕಪ್ಪಗಾಗಿ, ಸುತ್ತಲ ನೀರನ್ನು ಗುಟುಕು ಗುಟುಕಾಗಿ ಅಡಿಗೆ ಎಳೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಒಳಗಿಂದ ಒಂದು ಸದ್ದು ಬಂತು, ಕೆಮ್ಮೂ ಅಲ್ಲ ಕರೆಯೂ ಅಲ್ಲ, ಅವನು ಬೋಗುಣಿಯನ್ನು ಅಲ್ಲೇ ಬಿಟ್ಟು ಓಡಿದ. ಮತ್ತೆ ಆ ದಿನ ಬಾಲ್ಕನಿಯ ಕಡೆ ತಲೆ ಹಾಕಲಿಲ್ಲ. ಒಂಬತ್ತಕ್ಕೆ ಇಗರ್ಜಿಯಲ್ಲಿ ಸಾವಿನ ಗಂಟೆ ಬಾರಿಸಿದರು. ಬಂದವರೆಲ್ಲ ಅವಳ ಕೂದಲು ಎಷ್ಟು ಹೊಳೆಯುತ್ತಿದೆ ಎಂದರು.

ನಿನ್ನೆ ಚೌಕದಲ್ಲಿ ಎವಾರಿಸ್ತೊ ತನ್ನ ಚೌಕಳಿ ಪುಸ್ತಕ ಬಿಡಿಸಿ ತಿಂಗಳುಗಳನ್ನು ಓದಿದ. ಏಪ್ರಿಲ್ ಒಣ. ಮೇ ಎಂದು ನಿಲ್ಲಿಸಿ ಗಂಟಲು ಸರಿಮಾಡಿಕೊಂಡು ಆ ಮಳೆಯ ಹೆಸರು ಹೇಳಿದಾಗ ಜನ ಓಹೋ ಎಂದರು. ಮೂರು ಮೇ ತಿಂಗಳು ಹನಿ ಇಲ್ಲದೆ ಹೋಗಿದ್ದವು. ಯಾರೋ ತಾತನನ್ನು ಅಪ್ಪಿಕೊಂಡರು. ಸಂಜೆಯೊಳಗೆ ಒಬ್ಬ ಹುಡುಗಿ ತನ್ನ ಮದುವೆಯನ್ನು ಮೇಯಿಂದ ಸೆಪ್ಟೆಂಬರಿಗೆ ತಳ್ಳಿದಳು. ಮೇ ಹದಿನೈದರ ಜಾತ್ರೆಯ ಊಟವನ್ನು ಬಯಲಿನಿಂದ ಟ್ರ್ಯಾಕ್ಟರ್ ಷೆಡ್ಡಿಗೆ ಬದಲಾಯಿಸಿದರು. ಪಾದ್ರಿಗಳು ಹೆಂಚು ನೋಡಲು ಏಣಿ ತರಿಸಿದರು. ಜನರ ಹಿಂದೆ, ಸೂತಕದ ಕಪ್ಪು ಪಟ್ಟಿ ಹೊಲಿದ ಅಂಗಿಯಲ್ಲಿ ನಿಂತಿದ್ದ ಲೆಯಾಂದ್ರೊನಿಗೆ ತಾನು ಊರಿಗೇ ಮೋಸ ಮಾಡಿದೆನೆನ್ನಿಸಿತು. ಒಂದು ಬೋಗುಣಿ ನೀರು ಹನ್ನೊಂದು ದಿನ ಆಗಿತ್ತು. ಅದರ ಜೊತೆಗೇ, ಯಾರಿಗೂ ಹೇಳಲಾಗದ ಇನ್ನೊಂದು ಭಾವನೆಯೂ ಬಂತು: ಅವನಿಗೆ ಸಂತೋಷವಾಯಿತು. ಬರುವ ಮೇಯಲ್ಲಿ ಅಮ್ಮ ಹನ್ನೊಂದು ದಿನ ಇವರ ಹೆಂಚುಗಳ ಮೇಲೆ, ಬಾರ್ಲಿಯ ಮೇಲೆ, ಮೇಯರ್ ಕಸಿಲ್ದಾಳ ತಲೆಯ ಮೇಲೆ ಸಣ್ಣಗೆ ಬೀಳುತ್ತಿರುತ್ತಾಳೆ. ನಿಜ ಹೇಳಬೇಕೆಂದರೆ ಆ ಮಳೆ ಅವನಿಗೆ ಬೇಕಾಗಿತ್ತು. ಬೇಕಾಗಿದೆ ಎಂಬುದೇ ಅವನನ್ನು ರಾತ್ರಿಯಿಡೀ ತಿಂದಿತ್ತು.

ಹನ್ನೊಂದಕ್ಕೆ ಹಾಳೆಗಳನ್ನು ಹಿಡಿದು ಪುರಭವನಕ್ಕೆ ಹೋದ. ಕಸಿಲ್ದಾ ಅವನ ಹಳೆಯ ವಿದ್ಯಾರ್ಥಿನಿ. ಮೂರನೆಯ ಬೆಂಚಿನಲ್ಲಿ ಕುಳಿತು ಜಡೆ ಕಚ್ಚುತ್ತಿದ್ದವಳು. ಈಗ ಪೆನ್ನು ಕಚ್ಚುತ್ತಾಳೆ.

‘ಏನ್ ಮೇಷ್ಟ್ರೇ ಇದು? ಒಂಬತ್ತು ಮಳೆಗೂ ಒಂದೇ ಪದ! ನಾನು ಕ್ಲಾಸಲ್ಲಿ ಹಿಂಗೆ ಬರ್ದಿದ್ರೆ ನೀವು ಕಿವಿ ಹಿಂಡಿ ಹೊರಗೆ ನಿಲ್ಲಿಸ್ತಿದ್ರಿ.’

‘ಅವರಲ್ಲಿ ಅಷ್ಟೇ ಇರೋದು ಕಸಿಲ್ದಾ.’

‘ಇಂಗ್ಲೆಂಡಲ್ಲಾ? ಮೂರು ಹೊತ್ತೂ ಮಳೆ ಬರೋ ದೇಶದಲ್ಲಾ? ನೀವು ಹೋಗಿ ನೋಡಿದೀರೋ ಇಲ್ವೋ?’

ಅವನು ಹೋಗಿರಲಿಲ್ಲ. ಸಂತಾಂದೇರಿನ ಬಂದರಿನವರೆಗೆ ಹೋಗಿ, ಹಡಗು ನೋಡಿ, ಹೊಟ್ಟೆ ಕೆಟ್ಟು ವಾಪಸು ಬಂದಿದ್ದ. ಆಗ ಅವನಿಗೆ ಇಪ್ಪತ್ತನಾಲ್ಕು. ಊರಿಗೆ ಮಾತ್ರ ಅವನು ಇಂಗ್ಲೆಂಡ್ ನೋಡಿಬಂದವನು. ಈ ಸುಳ್ಳನ್ನು ಅವನು ಹೇಳಿದ್ದೇ ಇಲ್ಲ. ಜನ ಹೇಳಿದಾಗ ಇಲ್ಲ ಎನ್ನಲಿಲ್ಲ, ಅಷ್ಟೆ. ಅವನು ಹಾಳೆಗಳ ಅಂಚು ಸರಿಮಾಡುತ್ತ, ಮೇ ತಿಂಗಳದ್ದರಲ್ಲಿ ಒಂದು ಅನುಮಾನ ಇದೆ ಎಂದ.

‘ಅನುಮಾನ ಇಂಗ್ಲಿಷಲ್ಲೋ, ಮಳೇಲೋ?’

ಬಾಯಿ ಬಿಡುವ ಹೊತ್ತು ಇದೇ ಎಂದು ಅವನಿಗೆ ತಿಳಿಯಿತು. ಆದರೆ ಕಸಿಲ್ದಾ ಮುಂದಕ್ಕೆ ಬಾಗಿ ದನಿ ತಗ್ಗಿಸಿದಳು. ‘ಮೇಷ್ಟ್ರೇ, ನಿಮಗೆ ಮಾತ್ರ ಹೇಳ್ತೀನಿ. ಹೋದ ಎರಡು ವರ್ಷವೂ ತಾತ ಅಡ್ಡಡ್ಡ ತಪ್ಪಿದ್ರು. ಎಲ್ರೂ ಫೋನಲ್ಲಿ ಹವಾಮಾನ ನೋಡ್ಕೊಂಡು ಅವರನ್ನ ಆಡ್ಕೋತಾರೆ. ಈ ಸಲ ಮೇ ಮಳೆ ಬರ್ಲಿಲ್ಲ ಅಂದ್ರೆ ಪುರಸಭೆಯವರು ಬೆಳಗುಗಳನ್ನೇ ನಿಲ್ಲಿಸ್ತಾರೆ. ಕಲ್ಲು ಕಿತ್ತು ಅಲ್ಲಿ ಬೆಂಚು ಹಾಕ್ತಾರಂತೆ. ಆ ಮುದುಕನಿಗೆ ಅದು ಬಿಟ್ರೆ ಇನ್ನೇನಿದೆ ಹೇಳಿ? ಅನುಮಾನ ಎಲ್ಲಿದೆ ಅಂದ್ರಿ?’

‘ಇಂಗ್ಲಿಷಲ್ಲಿ’ ಎಂದ ಲೆಯಾಂದ್ರೊ.

‘ಹಂಗಿದ್ರೆ ಆ ಹೆಸ್ಟರಮ್ಮನ್ನ ಕೇಳಿ. ನಾಲ್ಕು ಗಂಟೆಗೆ ಹಲಗೆ ಬರೆಯೋ ಕೊಸ್ಮೆ ಮೇ ತಿಂಗಳಿಗೆ ಬಣ್ಣ ಹಚ್ಲೇಬೇಕು, ಇಲ್ದಿದ್ರೆ ನಾಳೆಗೆ ಒಣಗಲ್ಲ.’

ಹೆಸ್ಟರ್ ಚೌಕದ ನೆರಳಿನಲ್ಲಿ ನಾಯಿಯೊಂದಿಗೆ ಕುಳಿತಿದ್ದಳು. ಪಾದ್ರಿಗಳ ಹಳೆಯ ಮನೆ ಕೊಂಡ ಇಂಗ್ಲಿಷ್ ವಿಧವೆ, ಎಪ್ಪತ್ತರ ಮೇಲೆ, ಮೊಣಕಾಲು ಕಾಣುವ ಚಡ್ಡಿ. ಅವಳನ್ನು ದೂರದಿಂದ ಕಂಡರೂ ಲೆಯಾಂದ್ರೊ ಬೀದಿ ಬದಲಿಸುತ್ತಿದ್ದ. ಹೋದ ಚಳಿಗಾಲ ಬ್ರೆಡ್ಡಿನ ಅಂಗಡಿಯಲ್ಲಿ, ಹತ್ತು ಜನರ ಎದುರು, ಅವಳು ಅವನನ್ನು ಏನೋ ಕೇಳಿದ್ದಳು. ಜೀವಮಾನದಲ್ಲಿ ಮೊದಲ ಸಲ ಒಬ್ಬ ಇಂಗ್ಲಿಷಿನವಳು ಅವನೊಡನೆ ಇಂಗ್ಲಿಷ್ ಆಡಿದ್ದು. ಒಂದು ಅಕ್ಷರ ಅರ್ಥವಾಗಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ತಾನು ಕಲಿಸಿದ್ದು ಬೇರೆ ಯಾವುದೋ ದೇಶದ ಭಾಷೆಯೇನೋ ಎನ್ನಿಸಿ ಬೆವರಿ, ಎಲ್ಲರೂ ನೋಡುತ್ತಿದ್ದರೆಂದು ನಗುತ್ತ, ಹೌದು, ಬಹಳ ಧನ್ಯವಾದ, ಎಂದಿದ್ದ. ಹೆಸ್ಟರ್ ಅವನ ಕೈ ಹಿಡಿದು ಕಣ್ಣೀರು ತಂದುಕೊಂಡಳು. ಸಂಜೆ ಬಾಗಿಲಲ್ಲಿ ಬಿಳಿ ಹೂವಿನ ದೊಡ್ಡ ಗೊಂಚಲು ಇತ್ತು. ಅಮ್ಮ ಹಾಸಿಗೆಯಿಂದಲೇ ಯಾರು ಸತ್ತರೋ ಎಂದು ಕೇಳಿದಳು. ಅವನು ಚೀಟಿ ಓದಿ, ನೀನೇ ಅಮ್ಮ, ಎನ್ನಬೇಕಾಯಿತು. ಅಮ್ಮ ಎಷ್ಟು ನಕ್ಕಳೆಂದರೆ ಹೊಟ್ಟೆ ಹಿಡಿದುಕೊಂಡು, ದಿಂಬು ಎತ್ತರಿಸೋ, ಹೂ ಇಲ್ಲಿ ಇಡೋ, ಕಾಣಲಿ, ಎಂದಳು. ನಿಜವಾಗಿ ಸತ್ತ ದಿನ ಹೆಸ್ಟರ್ ಬರಲಿಲ್ಲ. ತನ್ನ ಕಡೆಯ ಸಂತಾಪ ಮುಗಿದಿದೆ ಎಂದುಕೊಂಡಿರಬೇಕು.

ಈಗ ಅವನು ಹಾಳೆಯನ್ನು ಅವಳೆದುರು ಹಿಡಿದು ಮೇ ತಿಂಗಳ ಸಾಲನ್ನು ಬೆರಳಿನಿಂದ ತೋರಿಸಿದ. ಅವಳ ಮುರುಕು ಸ್ಪ್ಯಾನಿಷ್, ಅವನ ಮುರುಕು ಇಂಗ್ಲಿಷ್, ನಡುವೆ ನಾಯಿ. ಗಾಳಿಯಲ್ಲಿ ಬೆರಳಾಡಿಸಿ, ಕಾಲರ್ ಮುಟ್ಟಿ ತೋರಿಸಿ, ಒಂದು ಕಾಲ್ಪನಿಕ ಕೊಡೆಯನ್ನು ಎಸೆದು ಮಳೆಯನ್ನು ವಿವರಿಸಿದ. ಪಕ್ಕದ ಬೆಂಚಿನ ಹೆಂಗಸರು ಮಾತು ನಿಲ್ಲಿಸಿ ನೋಡಿದರು.

‘ನಮ್ಮ ಕಡೆ ಇದನ್ನ ಮಳೆ ಅನ್ನಲ್ಲ’ ಎಂದಳು ಹೆಸ್ಟರ್ ಯೋಚಿಸಿ. ‘ಒಳ್ಳೆ ದಿನ ಅಂತೀವಿ.’

ಅವನಿಗೆ ನಗು ಬರಬೇಕಿತ್ತು. ಬರಲಿಲ್ಲ. ಹಲಗೆಯ ಬಲಗಡೆ ಅಮ್ಮನ ಹನ್ನೊಂದು ದಿನ ಬರೀ ಒಳ್ಳೆಯ ದಿನಗಳಾಗಿಬಿಡುವುದು ಕಣ್ಣಿಗೆ ಕಟ್ಟಿತು. ಅವಳು ಎದ್ದು, ನಾಯಿಯ ಹಗ್ಗ ಸುತ್ತಿಕೊಳ್ಳುತ್ತ, ‘ಅಮ್ಮ ಹೋಗಿ ಎಷ್ಟು ದಿನ ಆಯ್ತು ಈಗ?’ ಎಂದು ಕೇಳಿದಳು. ಈ ಸಲ ಅವನಿಗೆ ಪ್ರತಿ ಅಕ್ಷರವೂ ಅರ್ಥವಾಯಿತು. ಒಂಬತ್ತು ದಿನ ಎಂದರೆ ಹೂವಿನ ಕಥೆಯನ್ನೆಲ್ಲ ಬಿಚ್ಚಬೇಕು. ಏಳು ತಿಂಗಳು ಎಂದ. ಹೇಳಿದ ಮೇಲೆ ತನ್ನ ಬಾಯನ್ನೇ ಕಿತ್ತುಹಾಕೋಣವೆನ್ನಿಸಿತು. ಅಮ್ಮ ಬದುಕಿದ್ದ ಏಳು ತಿಂಗಳನ್ನು, ಗಂಜಿ ಕುಡಿಸಿದ, ಮಗ್ಗುಲು ಹೊರಳಿಸಿದ, ಬೈಸಿಕೊಂಡ ಏಳು ತಿಂಗಳನ್ನು, ಒಂದು ಮರ್ಯಾದೆ ಉಳಿಸಿಕೊಳ್ಳಲು ಕೊಟ್ಟುಬಿಟ್ಟಿದ್ದ.

ಕೊಸ್ಮೆಯ ಹೋಟೆಲಿಗೆ ಬಂದಾಗ ಎರಡು ಗಂಟೆ. ಊರಿಗೆ ವೈನು ಹೊಯ್ಯುವವನೂ ಅವನೇ, ಫಲಕ ಬರೆಯುವವನೂ ಅವನೇ. ಹಲಗೆ ಕಾಫಿ ಯಂತ್ರದ ಪಕ್ಕದ ಗೋಡೆಗೆ ಒರಗಿತ್ತು. ಮೇ ತಿಂಗಳ ಎದುರು ಒಂದು ಖಾಲಿ ಚೌಕ. ಮೂಲೆಯಲ್ಲಿ ಇಬ್ಬರು ಡಾಮಿನೊ ಆಡುತ್ತಿದ್ದರು. ಲೆಯಾಂದ್ರೊ ನಿಂತಲ್ಲೇ ಹೇಳಿಬಿಟ್ಟ. ‘ಕೊಸ್ಮೆ, ಮೇಯಲ್ಲಿ ಮಳೆ ಇಲ್ಲ. ಐದನೇ ಬೆಳಗ್ಗೆ ಕಲ್ಲಿನ ಮೇಲೆ ಇದ್ದದ್ದು ನಾನು ಚೆಲ್ಲಿದ ನೀರು.’

ಕೊಸ್ಮೆ ಕುಂಚವನ್ನು ಸಿಂಕಿನಲ್ಲಿಟ್ಟು ಕೈ ಒರೆಸಿಕೊಂಡ. ‘ಅಂದ್ರೆ?’

‘ಅಂದ್ರೆ ತಾತ ಓದಿದ್ದು ನನ್ನ ನೀರನ್ನ.’

‘ಅಂದ್ರೆ ಮಳೆ ಬರ್ಸಿದ್ದು ನೀವು ಅಂತೀರಾ?’

‘ಅಲ್ಲಪ್ಪ, ಬರಲ್ಲ ಅಂತಿದೀನಿ.’

‘ಮೂರು ವರ್ಷ ಆದ್ಮೇಲೆ ಊರಿಗೊಂದು ಮಳೆ ಬಂತು. ಅದೂ ನಿಮ್ದೇ ಆಗ್ಬೇಕಾ ಮೇಷ್ಟ್ರೇ?’ ಕೊಸ್ಮೆಗೆ ನಿಜವಾಗಿ ಸಿಟ್ಟು ಬಂದಿತ್ತು. ‘ಇಂಗ್ಲಿಷ್ ಬರುತ್ತೆ, ಸರಿ, ದೊಡ್ಡೋರು. ಮೋಡಾನೂ ನಿಮ್ಮ ಜೇಬಲ್ಲೇ ಇದೆಯಾ?’

ಡಾಮಿನೊದವರಲ್ಲಿ ಒಬ್ಬ ತಿರುಗಿದ. ‘ಬರೋ ವರ್ಷ ಒಂಬತ್ತನೇ ತಾರೀಕು ಮಾತ್ರ ದಯಮಾಡಿ ಚೆಲ್ಬೇಡಿ ಮೇಷ್ಟ್ರೇ. ಸೆಪ್ಟೆಂಬರಲ್ಲಿ ನನ್ನ ದ್ರಾಕ್ಷಿ ಕೊಳೆಯುತ್ತೆ.’

‘ನನಗೆ ನಾಲ್ಕನೇ ತಾರೀಕು ಅರ್ಧ ಬಕೆಟ್ಟು ಸಾಕು’ ಎಂದ ಇನ್ನೊಬ್ಬ. ‘ಜಾಸ್ತಿ ಬೇಡ, ಕಡಲೆ ಕೆಟ್ಟುಹೋಗುತ್ತೆ.’

‘ಬಿಸಿಲು ಬೇಕಾದ್ರೆ ಏನ್ಮಾಡ್ತಾರೋ?’

‘ಇಸ್ತ್ರಿಪೆಟ್ಟಿಗೆ ಇಡ್ತಾರೆ ಕಲ್ಲಿನ ಮೇಲೆ!’

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೆ ಮೊದಲನೆಯವನು ನಗು ಮುಗಿಸಿದ ಮೇಲೆ, ಯಾರೂ ನೋಡದ ಹಾಗೆ ಒಂಬತ್ತು ಬೆರಳೆತ್ತಿ ತೋರಿಸಿ, ಮರೆಯಬೇಡಿ ಎಂಬಂತೆ ತಲೆ ಆಡಿಸಿದ. ಅದು ಯಾವ ನೀರು, ಆ ಹೊತ್ತಿನಲ್ಲಿ ಯಾಕೆ ಚೆಲ್ಲಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ. ಕೇಳಲಿ ಎಂದು ಒಂದು ನಿಮಿಷ ಅಲ್ಲೇ ನಿಂತ. ಹತ್ತು ದಿನದ ಹಿಂದೆ ಬದುಕಿದ್ದ ಹೆಂಗಸಿನ ಬಗ್ಗೆ ಒಂದು ಪ್ರಶ್ನೆ ಈ ಊರಿನಲ್ಲಿ ಹುಟ್ಟಲಿಲ್ಲವಲ್ಲ ಎಂದು ಅವನಿಗೆ ಕೆಂಡದಂಥ ಕೋಪ ಬಂತು, ಮರುಗಳಿಗೆಯೇ ಅವಳನ್ನು ಏಳು ತಿಂಗಳ ಹಿಂದಕ್ಕೆ ತಳ್ಳಿ ಬಂದವನು ತಾನೇ ಎಂಬುದೂ ನೆನಪಾಯಿತು. ಕೊಸ್ಮೆ ಗಡಿಯಾರ ತೋರಿಸಿ, ‘ನಾಲ್ಕಕ್ಕೆ ಪದ ಕೊಡಿ. ಇಲ್ದಿದ್ರೆ ಅಲ್ಲೊಂದು ಕೊಡೆ ಬರೀತೀನಿ, ಎಲ್ರಿಗೂ ಅರ್ಥ ಆಗುತ್ತೆ’ ಎಂದ.

ಬೀದಿಯಲ್ಲಿ ಮಧ್ಯಾಹ್ನದ ನಿದ್ದೆಯ ಹೊತ್ತು. ನೆರಳು ಗೋಡೆಗೆ ಅಂಟಿಕೊಂಡು ಒಂದು ಗೇಣಾಗಿತ್ತು. ಅವನು ಆ ಗೇಣಿನೊಳಗೇ ಮಗ್ಗುಲಾಗಿ ನಡೆದ. ತಾತನಿಗೆ ಹೇಳಬೇಕು. ಹೇಳಿದರೆ ತಾತ ನಾಳೆ ಜನರ ಮುಂದೆ ಮೇಯನ್ನು ಹೊಡೆದುಹಾಕುತ್ತಾನೆ. ಐವತ್ತೊಂದು ವರ್ಷದ ಮರ್ಯಾದೆ ಹೋದರೂ ಹೊಡೆದುಹಾಕುತ್ತಾನೆ, ಅಂಥ ಮನುಷ್ಯ. ಹೇಳದಿದ್ದರೆ ಮೇ ಬಂದು ಒಣಗಿ ಹೋಗುತ್ತದೆ, ಆಗ ಕಲ್ಲು ಕೀಳುತ್ತಾರೆ, ತಾತ ತಾನು ತಪ್ಪಿದೆನೆಂದುಕೊಂಡೇ ಸಾಯುತ್ತಾನೆ. ಎರಡರಲ್ಲೂ ಮುದುಕನನ್ನು ಮುಗಿಸುವವನು ತಾನೇ. ಆದರೂ ಅಲ್ಲೆಲ್ಲೋ ಒಳಗೆ, ಮಳೆ ಬಂದರೂ ಬರಬಹುದಲ್ಲ, ಎಂದು ಮಗುವಿನ ಹಾಗೆ ಹಟ ಮಾಡುವ ಒಂದು ದನಿ. ನೀರು ನೀರೇ ತಾನೆ? ಕಲ್ಲಿಗೆ ಅದು ಆಕಾಶದ್ದೋ ಬೋಗುಣಿಯದೋ ಹೇಗೆ ಗೊತ್ತಾಗಬೇಕು? ಆ ದನಿಗೆ ಅವನು ಜೋರಾಗಿಯೇ ಬಾಯಿ ಮುಚ್ಚು ಎಂದ. ಎದುರುಮನೆಯ ಕಿಟಕಿಯ ಪರದೆ ಅಲ್ಲಾಡಿತು.

ಎವಾರಿಸ್ತೊ ಒಳಬನಿಯನ್ನಿನಲ್ಲಿ ಕುಳಿತು ಜೇಬುಚಾಕುವಿನಿಂದ ಕರಬೂಜ ಕೊಯ್ಯುತ್ತಿದ್ದ. ಬಲಗಾಲು ಇನ್ನೊಂದು ಕುರ್ಚಿಯ ಮೇಲೆ, ಊದಿಕೊಂಡು ಹೊಳೆಯುತ್ತಿತ್ತು. ಏನೂ ಕೇಳದೆ ಒಂದು ಹೋಳು ಚಾಕುವಿನ ತುದಿಯಲ್ಲೇ ಚಾಚಿದ. ಲೆಯಾಂದ್ರೊ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳತೊಡಗಿದ. ಬೋಗುಣಿ, ಬಾಲ್ಕನಿ, ಕಲ್ಲು ಕಪ್ಪಗಾದದ್ದು. ಅಮ್ಮನ ತಲೆ ತೊಳೆದದ್ದು. ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳುತ್ತಿದ್ದ. ರಸ ಮಣಿಕಟ್ಟಿನವರೆಗೆ ಇಳಿದು ಅಂಗಿಯ ತೋಳು ಅಂಟಾಯಿತು.

ತಾತ ಚಾಕು ಒರೆಸಿ ಮಡಚಿಟ್ಟ. ಆಮೇಲೆ ಎದ್ದು ಕುಂಟುತ್ತ ಹೋಗಿ ಬಾಗಿಲು ಹಾಕಿಕೊಂಡು ಬಂದ.

‘ಯಾರಿಗಾದ್ರೂ ಹೇಳಿದ್ಯಾ?’

‘ಕೊಸ್ಮೆಗೆ. ಅವನು ನಂಬಲಿಲ್ಲ.’

‘ಒಳ್ಳೇದಾಯ್ತು.’ ಅವನು ಕುಳಿತು ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಕುರ್ಚಿಯ ಮೇಲಿಟ್ಟುಕೊಂಡ. ‘ಮಗಾ, ಅವತ್ತು ನಾನು ಬರಲೇ ಇಲ್ಲ ಕಣೋ.’

‘ಎಲ್ಲಿಗೆ?’ ಎಂದ ಲೆಯಾಂದ್ರೊ.

‘ಕಾಲು ನೋವು ತಡೀಲಾರದೆ ಡಾಕ್ಟರು ಕೊಟ್ಟ ಮಾತ್ರೆ ತಗೊಂಡಿದ್ದೆ. ಎರಡು. ಎಚ್ಚರ ಆಗಿದ್ದು ಗಂಟೆ ಬಾರಿಸಿದಾಗ, ನಿಮ್ಮಮ್ಮನ ಗಂಟೆ. ಬಿಸಿಲು ಈ ಹಾಸಿಗೆ ಮೇಲಿತ್ತು. ಐವತ್ತೊಂದು ವರ್ಷದಲ್ಲಿ ಒಂದು ಸಲ ತಪ್ಪಿರಲಿಲ್ಲ ನಾನು. ಜ್ವರ ಬಂದಾಗ್ಲೂ ಹೋಗಿದ್ದೆ, ಹೆಂಡತಿ ಹೋದ ವರ್ಷಾನೂ ಹೋಗಿದ್ದೆ.’ ಅವನು ಮೂಗೊರೆಸಿಕೊಂಡ. ‘ಕಿಟಕಿ ಮುಚ್ಚಿರ್ತವಲ್ಲ, ಯಾರಿಗೂ ಗೊತ್ತಾಗ್ಲಿಲ್ಲ. ಪುಸ್ತಕದಲ್ಲಿ ಮೇ ಖಾಲಿ ಇತ್ತು. ಖಾಲಿ ಬಿಡೋಕಾಗುತ್ತಾ? ಮೂರು ವರ್ಷದಿಂದ ಒಣ ಒಣ ಅಂತ ಬರೆದು ಕೈ ಬೇಜಾರಾಗಿತ್ತು. ಬರೆದುಬಿಟ್ಟೆ ಮಳೆ ಅಂತ. ಸುಳ್ಳು ಬರೆಯೋನು ಒಂದೆರಡು ದಿನ ಬರೀಬೇಕಿತ್ತು, ಹನ್ನೊಂದು ಬರ್ದೆ ನೋಡು, ಆಸೆಬುರುಕ. ನಿನ್ನ ನೀರಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ನಿನ್ನ ತಪ್ಪು ಏನೂ ಇಲ್ಲ. ಹೋಗು, ನೆಮ್ಮದಿಯಾಗಿ ಮಲಕ್ಕೋ. ನನ್ನ ಮಾನ ಮಾತ್ರ ಕಾಪಾಡು.’

ತಪ್ಪು ತನ್ನದಲ್ಲ. ಲೆಯಾಂದ್ರೊ ಅದನ್ನು ಒಂದು ಇಂಗ್ಲಿಷ್ ವಾಕ್ಯದ ಹಾಗೆ ಬಿಡಿಬಿಡಿಯಾಗಿ ಮನಸ್ಸಿನಲ್ಲಿ ಓದಿಕೊಂಡ. ಒಂಬತ್ತು ದಿನದಿಂದ ಎದೆಯ ಮೇಲೆ ಹೊತ್ತಿದ್ದದ್ದು ಇಳಿದುಹೋಗಿತ್ತು, ಹಗುರವಾಗಬೇಕಿತ್ತು. ಹಗುರವಾಗಲಿಲ್ಲ, ಯಾರೋ ಮನೆಗೆ ನುಗ್ಗಿ ಇದ್ದ ಒಂದನ್ನು ಹೊತ್ತೊಯ್ದ ಹಾಗಾಯಿತು. ಹಾಗಾದರೆ ಆ ನೀರು ಬೆಳಗಿನ ಬಿಸಿಲಿಗೆ ಸುಮ್ಮನೆ ಒಣಗಿಹೋಗಿತ್ತು. ಯಾರೂ ಕಲ್ಲು ಮಗುಚಲಿಲ್ಲ, ಯಾರ ಬೆರಳೂ ಅದಕ್ಕೆ ತಾಗಲಿಲ್ಲ. ಬರುವ ಮೇಯಲ್ಲಿ ಬಂದರೂ ಬಾರದಿದ್ದರೂ ಅದು ಯಾರದೋ ಮಳೆ, ಮುದುಕನ ಮಾತ್ರೆಯ ಮಳೆ. ಶವದ ಮುಂದೆ ಬಾರದ, ಒಂಬತ್ತು ದಿನದ ಪ್ರಾರ್ಥನೆಯಲ್ಲೂ ಬಾರದ ಅಳು ಅವನಿಗೆ ಆಗ ಬಂತು. ಕರಬೂಜ ಹಿಡಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ. ತನ್ನನ್ನು ಕ್ಷಮಿಸಿದವರ ಮೇಲೆ ಇಷ್ಟು ಸಿಟ್ಟು ಬರಬಹುದೆಂದು ಅವನಿಗೆ ಗೊತ್ತಿರಲಿಲ್ಲ.

‘ಇಲ್ಲ’ ಎಂದ ಕೊನೆಗೆ. ‘ನೀವು ಬಂದಿದ್ರಿ.’

‘ಮಗಾ, ನಾನು ಹೇಳ್ತಿದೀನಲ್ಲ...’

‘ಬಂದಿದ್ರಿ. ನಾನು ನೋಡಿದೆ. ಬಾಲ್ಕನಿ ಬಾಗಿಲ ಸಂದಿಯಿಂದ. ನೋಡಬಾರದು ಅಂತ ಗೊತ್ತು, ಆದ್ರೂ ನೋಡಿದೆ.’

ತಾತ ಅವನನ್ನೇ ದಿಟ್ಟಿಸಿದ. ಮುದುಕನ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಅನುಮಾನ, ಆಮೇಲೆ ನಿಧಾನವಾಗಿ ಬೇರೆ ಏನೋ ಬಂತು.

‘ಎರಡು ಮಾತ್ರೆ ತಗೊಂಡಿದ್ದೆ’ ಎಂದ.

‘ಅದಕ್ಕೇ ನಿಮಗೆ ನೆನಪಿಲ್ಲ. ಟೋಪಿ ಹಾಕ್ಕೊಂಡಿದ್ರಿ.’

‘ಟೋಪಿ ಇಲ್ದೆ ಹೋಗಲ್ಲ ನಾನು.’

‘ಕುಂಟ್ತಾ ಇದ್ರಿ. ಗೋಡೆ ಹಿಡ್ಕೊಂಡು ಬಗ್ಗಿದ್ರಿ. ಎರಡೂ ಕೈಲಿ ಮಗುಚಿದ್ರಿ.’

‘ಒಂದೇ ಕೈಲಿ ಈಗ ಆಗಲ್ಲ’ ಎಂದ ತಾತ. ಅವನ ಬಲಗೈ ಮಡಿಲಿನಲ್ಲಿ ತಾನಾಗಿಯೇ ಅಂಗಾತವಾಗಿ ತೆರೆದುಕೊಂಡಿತು. ಅದನ್ನು ಅವನು ಬೇರೆಯವರ ಕೈ ನೋಡುವ ಹಾಗೆ ನೋಡಿದ. ‘ಮುಟ್ಟಿದ್ನಾ?’

‘ಮುಟ್ಟಿದ್ರಿ. ಬಹಳ ಹೊತ್ತು.’

‘ತೇವ ಇತ್ತಾ?’

‘ಒದ್ದೆಮುದ್ದೆ ಆಗಿತ್ತು.’

ಎವಾರಿಸ್ತೊ ಮೇಜಿನ ಖಾನೆ ಎಳೆದು ಚೌಕಳಿ ಪುಸ್ತಕ ತೆಗೆದ, ಕಿವಿಯ ಹಿಂದಿನ ಪೆನ್ಸಿಲ್ಲನ್ನು ನಾಲಿಗೆಗೆ ತಾಗಿಸಿದ. ಐದನೆಯ ತಾರೀಕಿನ ಸಾಲಿನಲ್ಲಿ ಪಡುವಣದಿಂದ ಕಲಬೋಬೋಸ್, ಹನ್ನೊಂದು ದಿನ ಎಂದಷ್ಟೇ ಇತ್ತು. ಉಳಿದ ಹನ್ನೊಂದು ಸಾಲುಗಳಲ್ಲಿದ್ದ ಗಾಳಿ, ಇರುವೆ, ಕಲ್ಲು ಯಾವುದೂ ಅಲ್ಲಿರಲಿಲ್ಲ. ಅವನು ತಲೆ ಎತ್ತದೆ ಕೇಳಿದ.

‘ಹೆಂಗಿತ್ತು ನೀರು?’

‘ಬೆಚ್ಚಗಿತ್ತು’ ಎಂದ ಲೆಯಾಂದ್ರೊ. ‘ಮೊಣಕೈ ಅದ್ದಿ ನೋಡಿದ್ದೆ. ಅವಳಿಗೆ ತಣ್ಣೀರು ಆಗ್ತಿರಲಿಲ್ಲ.’

ಮುದುಕ ಬರೆದ. ಒಂದೊಂದು ಅಕ್ಷರಕ್ಕೂ ಹೊತ್ತು ಹಿಡಿಯಿತು. ಬರೆದು ಮುಗಿಸಿ, ಪುಸ್ತಕವನ್ನು ಕಣ್ಣಿನಿಂದ ದೂರ ಹಿಡಿದು, ಚೌಕದಲ್ಲಿ ಓದುವ ಅದೇ ದನಿಯಲ್ಲಿ ಓದಿದ: ‘ಮೇ. ಕಲ್ಲಿನ ಹೊಟ್ಟೆ ಒದ್ದೆ. ಪಡುವಣದಿಂದ ಸಣ್ಣ ಮಳೆ, ಹನ್ನೊಂದು ದಿನ. ಬೆಚ್ಚಗಿರುತ್ತದೆ.’

‘ಇನ್ನೊಂದ್ಸಲ ಓದಿ’ ಎಂದ ಲೆಯಾಂದ್ರೊ.